ಔಷಧದಂಗಡಿಯ ಹೊಣೆ

ವೈದ್ಯರ ಚೀಟಿಯನ್ನು ಹಿಡಿದು ಔಷಧದಂಗಡಿಗೆ ಹೋದವರ ಪಾಡನ್ನು ನಮ್ಮ ವಾಚಕರು ಬಲ್ಲರು. ಐದು ಗುಳಿಗೆ ಬೇಕೆಂದರೆ ಹತ್ತರ ಸ್ಟ್ರಿಪ್ಪನ್ನೇ ಕೊಳ್ಳಬೇಕು. ಬರೆದ ಔಷಧವಿಲ್ಲದಿದ್ದರೆ "ಇದೂ ಅದೇ" ಎಂದು ಬೇರೊಂದನ್ನು ಕೈಗಿಡುವರು. ಎಷ್ಟೋ ಅಂಗಡಿಗಳಲ್ಲಿ ಫಾರ್ಮಸಿಸ್ಟರ ಅರ್ಹತಾಪತ್ರವು ಗೋಡೆಯ ಮೇಲಿರುತ್ತದೆ. ಅವರು ಮಾತ್ರ ಕಾಣುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲಿಯೇ ಕೊಡಬೇಕೆಂದೂ, ಎಚ್ ಅನುಸೂಚಿಯ ಔಷಧಕ್ಕೆ ಬದಲಾಗಿ ಬೇರೊಂದನ್ನು ಕೊಡಕೂಡದೆಂದೂ 1945ರ ಔಷಧ ನಿಯಮಗಳು ವಿಧಿಸಿವೆ. ಸೇವನೆಯ ಕ್ರಮವನ್ನು ರೋಗಿಗೆ ತಿಳಿಯಹೇಳುವ ಹೊಣೆಯನ್ನು 2015ರ ಫಾರ್ಮಸಿ ವೃತ್ತಿ ನಿಯಮಗಳು ಅವರಿಗೇ ಹೊರಿಸಿವೆ.

ತಪಾಸಣೆಯ ಅಧಿಕಾರಿಗಳು ಗೋಡೆಯ ಪತ್ರವನ್ನು ನೋಡಿ ಹಿಂದಿರುಗದೆ, ಅದರಲ್ಲಿ ಹೆಸರಿರುವ ಮನುಷ್ಯರನ್ನು ಕಂಡು ಬರಲೆಂದು ನಾವು ಆಗ್ರಹಪಡಿಸುತ್ತೇವೆ. "ಫಾರ್ಮಸಿಸ್ಟರು ಎಲ್ಲಿ?" ಎಂದು ಕೇಳಲು ಕೊಳ್ಳುವವರೂ ಸಂಕೋಚಪಡಬಾರದು. ಔಷಧದಲ್ಲಾಗುವ ತಪ್ಪಿಗೆ ದಂಡ ತೆರುವುದು ರೋಗಿಯ ದೇಹ.