ಎಕ್ಸ್‌ರೇ ಕೊಡುವ ಅಂಕ ಎಷ್ಟು ಗಟ್ಟಿ?

ಕೀಲುಸವೆತಕ್ಕೆ 0ಯಿಂದ 4ರವರೆಗೆ ದರ್ಜೆ ಕೊಡುವ ಕೆಲ್‌ಗ್ರೆನ್-ಲಾರೆನ್ಸ್ ಪದ್ಧತಿ 1957ರದು. ಮೂಳೆಯಂಚಿನ ಮುಳ್ಳು ‘ಇದ್ದರೂ ಇರಬಹುದು’ ಎನಿಸಿದರೆ 1, ‘ಖಚಿತ’ವಾದರೆ 2. ವೈದ್ಯರ ಕಣ್ಣುಗಳು ಹೆಚ್ಚಾಗಿ ಜಗಳವಾಡುವುದು ಇಲ್ಲೇ. ಮಲಗಿಸಿ ತೆಗೆದ ಚಿತ್ರದಲ್ಲಿ ಅಗಲವಾಗಿ ಕಂಡ ಮಂಡಿಯ ಸಂದು, ನಿಲ್ಲಿಸಿ ತೆಗೆದರೆ ಕಿರಿದಾಗಬಹುದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆಯನ್ನೇ ನೋಡಿ: ಸೊಂಟದ ಕೀಲಿನ ಒಂದು ಚಿತ್ರವನ್ನಷ್ಟೇ ಹಿಡಿದವರಿಗೆ ಅದು ಮಾಮೂಲಿ ಸವೆತ, ವಯಸ್ಸು, ಎತ್ತರ, ಮನೆತನ ವಿಚಾರಿಸಿದವರಿಗೆ ವಂಶವಾಹಿ ರೋಗ.

ದರ್ಜೆಯಿಲ್ಲದೆ ಸಮೀಕ್ಷೆ ಹೇಗೆ ಎನ್ನುವ ಆಕ್ಷೇಪ ನ್ಯಾಯವೇ. ದರ್ಜೆ ಇರಲಿ; ಆದರೆ ಇಬ್ಬರು ಬೇರೆಬೇರೆಯಾಗಿ ಓದಲಿ, ತಕರಾರಿದ್ದರೆ ಮೂರನೆಯವರು ತೀರ್ಮಾನಿಸಲಿ. ಚಿತ್ರ ಚೆನ್ನಾಗಿದ್ದೂ ನೋಯುವ ಮಂಡಿಗಳುಂಟು. ಹಾಗಾಗಿ ಅಂಗವೈಕಲ್ಯ ಪಿಂಚಣಿಯ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರು ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲಿ.