ಹೊರೆಯನ್ನು ಹೊರಿಸುವವರಿಗೆ

ಸಂಸ್ಕೃತದಲ್ಲಿ 'ಭೃ' ಎಂಬುದೊಂದು ಧಾತು. ಹೊರುವುದು, ಪೋಷಿಸುವುದು ಎಂಬೆರಡು ಅರ್ಥಗಳೂ ಅದಕ್ಕುಂಟು. ಭಾರವೆಂಬ ಶಬ್ದವು ಹುಟ್ಟಿದುದು ಅದರಿಂದ. ಒಡೆಯನೆಂಬ ಅರ್ಥದ ಭರ್ತೃ ಶಬ್ದವೂ, ಸೇವಕನೆಂಬ ಅರ್ಥದ ಭೃತ್ಯ ಶಬ್ದವೂ ಹುಟ್ಟಿದುದು ಅದರಿಂದಲೇ. ಪೋಷಿಸತಕ್ಕವನು ಭರ್ತೃ, ಪೋಷಿಸಲ್ಪಡತಕ್ಕವನು ಭೃತ್ಯ. 30 ವರ್ಷ ಈ ಪಾಠವನ್ನು ಮಕ್ಕಳಿಗೆ ಹೇಳಿದ ನಾವು ಅದನ್ನು ಬಾಳಿನಲ್ಲಿ ಕಲಿತುದು ಬಹು ತಡವಾಗಿ. ಅದು ಹೇಗೆಂಬುದನ್ನು ಈ ತಿಂಗಳು ವಾಚಕರ ಮುಂದೆ ಒಪ್ಪಿಕೊಳ್ಳುವೆವು.

ನಾವು ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದಾಗ ಗಣಿತವನ್ನು ಬೋಧಿಸುವ ಸಹೋಪಾಧ್ಯಾಯರೊಬ್ಬರಿದ್ದರು. ಯಾವ ಕೆಲಸ ಹೇಳಿದರೂ "ಆಗಲಿ ಸಾರ್" ಎನ್ನುವವರು. ಆದುದರಿಂದ ವೇಳಾಪಟ್ಟಿ ಅವರ ಪಾಲಿಗೆ, ಬಿಸಿಯೂಟದ ಲೆಕ್ಕ ಅವರ ಪಾಲಿಗೆ, ಮಕ್ಕಳ ವಿವರಗಳನ್ನು ಗಣಕಯಂತ್ರಕ್ಕೆ ತುಂಬುವುದೂ ಅವರ ಪಾಲಿಗೆ. ಸರಕಾರದವರು ವಹಿಸಿದ ಮತದಾರರ ಪಟ್ಟಿಯ ಕೆಲಸ ಬೇರೆ. ವರ್ಷ ಕಳೆಯುವುದರೊಳಗೆ ಅವರು ಬೇರೆ ಮನುಷ್ಯರಾದರು. ಹಾಜರಿ ಪುಸ್ತಕದಲ್ಲಿ ತಪ್ಪುಗಳು ಕಂಡುಬಂದುವು. ಎಲ್ಲರೊಡನೆ ಕುಳಿತು ಉಣ್ಣುತ್ತಿದ್ದವರು ಒಬ್ಬರೇ ಉಣ್ಣತೊಡಗಿದರು. ಸೋಮವಾರಗಳಲ್ಲಿ ರಜೆಯ ಅರ್ಜಿಗಳು ಹೆಚ್ಚಿದುವು. ನಾವು ಇದನ್ನೆಲ್ಲ ಅಶ್ರದ್ಧೆಯೆಂದು ಬಗೆದು, ಉಳಿದ ಉಪಾಧ್ಯಾಯರ ಎದುರಿನಲ್ಲಿಯೇ ಆಕ್ಷೇಪಿಸಿದೆವು. ಮೂರು ದಿನಗಳ ಮೇಲೆ ಅವರು ಪಾಠ ಹೇಳುತ್ತಿರುವಾಗಲೇ ಕುಸಿದು ಬಿದ್ದರು. ಆಸ್ಪತ್ರೆಯ ಹೊರಗೆ ಅವರ ಪತ್ನಿಯು, "ನಾಲ್ಕು ತಿಂಗಳಿಂದ ಇವರಿಗೆ ನಿದ್ದೆಯಿಲ್ಲ ಸಾರ್, ನಿಮ್ಮೊಡನೆ ಹೇಳಲು ಸಂಕೋಚಪಟ್ಟರು" ಎಂದರು. ನಮಗೆ ಉತ್ತರ ತೋಚಲಿಲ್ಲ.

ಆ ಮೇಲೆ ನಾವು ಈ ವಿಷಯವನ್ನು ಓದತೊಡಗಿದೆವು. ಕೆಲಸದ ಸ್ಥಳದ ಒತ್ತಡವು ದೀರ್ಘಕಾಲ ಪರಿಹಾರವಿಲ್ಲದೆ ಉಳಿದಾಗ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿದೆ. ಶಕ್ತಿಯು ಬತ್ತುವುದು, ಕೆಲಸದಲ್ಲಿ ಮನಸ್ಸು ಹಿಂಜರಿಯುವುದು, ಕಾರ್ಯಸಾಮರ್ಥ್ಯವು ಕುಂದುವುದು, ಇವು ಮೂರು ಅದರ ಲಕ್ಷಣಗಳು. ನಾವು ಅಶ್ರದ್ಧೆಯೆಂದು ಬಗೆದುದು ಇವನ್ನೇ! ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯವರು 2004ರಲ್ಲಿ ಮೇಲಧಿಕಾರಿಗಳಿಗಾಗಿ ಆರು ವಿಷಯಗಳನ್ನು ಗೊತ್ತುಮಾಡಿದರು: ಕೆಲಸದ ಪ್ರಮಾಣ, ಅದನ್ನು ಮಾಡುವ ರೀತಿಯಲ್ಲಿ ತನಗಿರುವ ಹಿಡಿತ, ಒದಗುವ ನೆರವು, ಪರಸ್ಪರ ಸಂಬಂಧ, ತನ್ನ ಕರ್ತವ್ಯವಿಷ್ಟೆಂಬ ಸ್ಪಷ್ಟತೆ, ಬದಲಾವಣೆಗಳನ್ನು ತರುವ ಕ್ರಮ. ಇವುಗಳಲ್ಲಿ ಹಿಡಿತವನ್ನು ಅಲ್ಪವೆಂದೆಣಿಸಬಾರದು. ಲಂಡನ್ನಿನ ಸರಕಾರೀ ನೌಕರರನ್ನು ಕುರಿತು 1985ರಲ್ಲಿ ಆರಂಭವಾದ ಶೋಧನೆಯಲ್ಲಿ, ಕೆಲಸದ ಮೇಲೆ ಹಿಡಿತ ಕಡಮೆಯಿದ್ದವರಲ್ಲಿಯೇ ಹೃದ್ರೋಗವು ಹೆಚ್ಚಾಗಿ ಕಂಡಿತು.

ಹಾಗಾದರೆ ಮೇಲಿನವರು ಮಾಡತಕ್ಕುದೇನು? ಮೊದಲು, ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸದೆ ಅವನ ಹಿಂದಿನ ಸ್ವಭಾವದೊಡನೆಯೇ ಹೋಲಿಸಿ ನೋಡಬೇಕು. ಮಾತಾಳಿಯು ಮೌನಿಯಾದರೆ, ಶಾಂತನು ಸಿಡುಕಿದರೆ, ಅದು ಸೂಚನೆ. ಬಳಿಕ ಏಕಾಂತದಲ್ಲಿ ಕೇಳಬೇಕು. "ನಿಮಗೇನು ತೊಂದರೆ?" ಎಂದರೆ "ಏನೂ ಇಲ್ಲ" ಎಂಬುದೇ ಉತ್ತರ. "ಈಗ ನಿಮ್ಮ ಕೈಯಲ್ಲಿ ಯಾವ ಯಾವ ಕೆಲಸಗಳಿವೆ?" ಎಂದು ಕೇಳಿದರೆ ಮಾತು ತಾನಾಗಿ ಹೊರಡುತ್ತದೆ. ಕೇಳಿದ ಮೇಲೆ ಒಂದು ಹೊರೆಯನ್ನಾದರೂ ನಿಜವಾಗಿ ಇಳಿಸಬೇಕು. ಬರಿಯ ಸಾಂತ್ವನವು ಇನ್ನೊಂದು ಹೊರೆ. ವೈದ್ಯನ ಪಾತ್ರವನ್ನು ಮಾತ್ರ ತಾನು ವಹಿಸಬಾರದು. ನಿದ್ರಾಹಾರಗಳು ಕೆಟ್ಟಿದ್ದರೆ ವೈದ್ಯರಲ್ಲಿಗೆ ಕಳುಹಿಸತಕ್ಕುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರೀ ಸೇವೆಗೆ 14416ರಲ್ಲಿ ದೂರವಾಣಿ ಮಾಡಿದರೂ ಸಲಹೆ ದೊರೆಯುತ್ತದೆ.

ಆ ಮಿತ್ರರು ಚೇತರಿಸಿಕೊಂಡ ಮೇಲೆ ನಾವು ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಇಬ್ಬರೂ ಕುಳಿತು ಅವರ ಕೆಲಸಗಳನ್ನು ಕಾಗದದ ಮೇಲೆ ಬರೆದೆವು. ಹನ್ನೊಂದಾದುವು. ಗಣಿತದ ಉಪಾಧ್ಯಾಯರಿಗೆ ಸಲ್ಲತಕ್ಕುವು ನಾಲ್ಕೇ. ಬಿಸಿಯೂಟದ ಲೆಕ್ಕವನ್ನು ನಾವೇ ಹೊತ್ತೆವು, ಉಳಿದುವನ್ನು ಹಂಚಿದೆವು. ಕಾಗದವನ್ನು ಮಡಿಸುತ್ತ ಅವರು, "ಇದನ್ನು ಯಾರೂ ಕೇಳಿರಲಿಲ್ಲ ಸಾರ್" ಎಂದರು.

ಕೈಕೆಳಗೆ ಜನರನ್ನುಳ್ಳ ವಾಚಕರು ನಾಳೆಯೇ ಒಬ್ಬರನ್ನು ಕರೆದು ಆ ಪ್ರಶ್ನೆಯನ್ನು ಕೇಳಲಿ. ನಾವು ಕೇಳಿದುದು ಆಸ್ಪತ್ರೆಯ ದಾರಿಯನ್ನು ಕಂಡ ಮೇಲೆ.