ಮುಂಭಾರ, ಹಿಂಭಾರ

ಬೆಂಗಳೂರಿನಲ್ಲಿ ಈಗ ವ್ಯಾನನ್ನೇ ಮನೆ ಮಾಡಿಕೊಳ್ಳುವ ಹುಚ್ಚು. ಹಳೇ ಟಿಟಿ ಒಂದನ್ನು ಕೊಳ್ಳೋದು, ಸೀಟು ಕಿತ್ತು ಹಾಸಿಗೆ, ಸಿಂಕು, ಫ್ರಿಡ್ಜು, ತಲೆ ಮೇಲೆ ಸೋಲಾರ್, ಗೋಡೆಗೆ ಪೈನ್ ಹಲಗೆ, ಹಳದಿ ದೀಪದ ಸರ. ಆಮೇಲೆ ಇನ್‌ಸ್ಟಾಗ್ರಾಂ. ನಾನೂ ಈ ಹುಚ್ಚರ ಪೈಕಿಯೇ, ಹಾಗಾಗಿ ಬಯ್ಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಒಳಗಿನ ಅಲಂಕಾರಕ್ಕೆ ಎಂಟು ಲಕ್ಷ ಸುರಿಯುವ ನಾವು ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡುವುದಿಲ್ಲ. ಗಾಡಿ ತೂಗಾಡಿದರೆ ರಸ್ತೆಗೆ ಬಯ್ಯುತ್ತೇವೆ. ಅದೂ ಸಾಲದಿದ್ದರೆ ಇನ್ನೊಂದು ಲಕ್ಷದ ಸಸ್ಪೆನ್ಷನ್ ಕಿಟ್ ಆರ್ಡರ್ ಮಾಡುತ್ತೇವೆ. ನೂರೈವತ್ತು ರೂಪಾಯಿ ಕೊಟ್ಟು ಕಾಟಾ ಹತ್ತಿಸುವುದಿಲ್ಲ.

ಕಾಟಾ ಅಂದರೆ ವೇಬ್ರಿಡ್ಜು. ನಮ್ಮ ಇಂಡಿ ಕಡೆ ಹಾಗೇ ಅನ್ನೋದು. ಕಬ್ಬಿನ ಟ್ರ್ಯಾಕ್ಟರು, ಜೋಳದ ಲಾರಿ, ನಿಂಬೆಹಣ್ಣಿನ ಟೆಂಪೋ ಎಲ್ಲ ಹತ್ತಿ ಇಳಿಯುವ ಜಾಗ. ಅಲ್ಲಿ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ತನ್ನ ಪೈನ್ ಹಲಗೆಯ ಮನೆ ಸಮೇತ ಹತ್ತಿದ್ದನ್ನು ಕಾಟಾದ ಹುಡುಗ ಅದಕ್ಕೂ ಮುಂಚೆ ನೋಡಿರಲಿಲ್ಲವಂತೆ. ಆದರೆ ನಾನು ಅಲ್ಲಿಗೆ ಹೋಗಿದ್ದು ಬುದ್ಧಿ ಬಂದು ಅಲ್ಲ, ಅವ್ವನ ಕೈ ಮುರಿದ ಮೇಲೆ.

ಎಳ್ಳಮವಾಸ್ಯೆಗೆ ಊರಿಗೆ ಹೋಗಿದ್ದೆವು. ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಪುಂಡಿಪಲ್ಯ ಉಂಡು, ಮರುದಿನ ಅವ್ವನನ್ನು ಹೊಸ ಗಾಡಿಯಲ್ಲಿ ಕೂರಿಸಿಕೊಂಡು ಹೊರಟೆ. ಸಿಂದಗಿಯಲ್ಲಿ ಅತ್ತೆಯ ಮನೆ, ಅಲ್ಲಿಂದ ತಾಳಿಕೋಟಿ ಮೇಲೆ ಮುದ್ದೇಬಿಹಾಳ, ಅದು ಅವ್ವನ ತವರು. ಆಮೇಲೆ ಆಲಮಟ್ಟಿ ಡ್ಯಾಂ, ಕೊನೆಗೆ ಬಸವನ ಬಾಗೇವಾಡಿಯ ಗುಡಿ. ಹಾಸಿಗೆ ಇದೆಯಲ್ಲ, ಅವ್ವ ಹಿಂದೆ ಆರಾಮಾಗಿ ಕಾಲು ಚಾಚಿ ಕೂತಿದ್ದಳು. ನನಗೋ ಹೆಮ್ಮೆ. ಬೆಲ್ಟ್ ಇಲ್ಲದ ಹಾಸಿಗೆಯ ಮೇಲೆ ತಾಯಿಯನ್ನು ಕೂರಿಸಿ ಅರವತ್ತರಲ್ಲಿ ಗಾಡಿ ಓಡಿಸುತ್ತಿದ್ದೇನೆ ಅನ್ನುವುದು ತಲೆಗೇ ಹೋಗಲಿಲ್ಲ.

ನಮ್ಮ ಜಿಲ್ಲೆಯ ರಸ್ತೆ ಗೊತ್ತಿಲ್ಲದವರಿಗೆ ಒಂದು ಮಾತು. ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಏನು ಮಾಡಬೇಕು? ಅದೂ ಏಳುತ್ತದೆ, ಬೀಳುತ್ತದೆ, ಅಂಚುಗಳು ಮೊದಲು ಕುಸಿಯುತ್ತವೆ. ಗುಂಡಿ ಇರಲಿಕ್ಕಿಲ್ಲ, ಆದರೆ ಅಲೆ ಇರುತ್ತದೆ. ಎಡಗಾಲಿ ಇಳಿದಾಗ ಬಲಗಾಲಿ ಏರುತ್ತದೆ. ಕಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಎತ್ತರದ, ತಲೆ ಭಾರದ ಗಾಡಿಯಲ್ಲಿ ದೋಣಿಯಲ್ಲಿ ಕೂತಂತೆ ಆಗುತ್ತದೆ.

ಸಿಂದಗಿ ದಾಟಿದ ಮೇಲೆ ಎದುರಿಗೆ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಬಂತು. ಅದಕ್ಕೆ ದಾರಿ ಕೊಡಲು ಎಡಗಾಲಿ ಡಾಂಬರಿನಿಂದ ಕೆಳಗಿಳಿಸಿದೆ, ಮತ್ತೆ ಮೇಲೆ ತಂದೆ. ಅಷ್ಟೇ ನಾನು ಮಾಡಿದ್ದು. ಗಾಡಿಯ ಹಿಂಭಾಗ ಬಲಕ್ಕೆ ಬೀಸಿತು, ನಾನು ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಗಾಲಿ ಕೇಳಲೇ ಇಲ್ಲ, ಆಮೇಲೆ ಒಮ್ಮೆಲೇ ಕೇಳಿತು, ಹಿಂಭಾಗ ಎಡಕ್ಕೆ ಬೀಸಿತು. ಮೂರು ಸಲ ಹೀಗಾಗಿ ನಿಂತಿತು. ಮಗುಚಲಿಲ್ಲ. ಹಿಂದೆ ತಿರುಗಿ ನೋಡಿದರೆ ಅವ್ವ ನೆಲದ ಮೇಲೆ, ಸಿಂಕಿನ ಬುಡದಲ್ಲಿ. ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ರೊಟ್ಟಿ ಬಡಿಯುವ ಬಲಗೈ.

ಆ ರಾತ್ರಿ ಮುದ್ದೇಬಿಹಾಳದಲ್ಲಿ ಮಾಮಾನ ಮನೆಯಲ್ಲಿ ಕೂತು ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಮೊಬೈಲ್ ತೆಗೆದು ಏರ್ ಸಸ್ಪೆನ್ಷನ್ ಕಿಟ್ ಹುಡುಕಿದ್ದು. 1 ಲಕ್ಷ 80 ಸಾವಿರ, ಫಿಟ್ಟಿಂಗ್ ಬೇರೆ. ಕಾರ್ಟಿಗೂ ಹಾಕಿದ್ದೆ. ಆಫೀಸಿನಲ್ಲಿ ಸರ್ವರ್ ನಿಧಾನವಾದರೆ ಮೊದಲು ಲಾಗ್ ನೋಡಬೇಕು, ದೊಡ್ಡ ಮಷೀನ್ ಕೊಳ್ಳುವುದು ಆಮೇಲೆ ಅಂತ ಜೂನಿಯರ್‌ಗಳಿಗೆ ಉಪದೇಶ ಮಾಡುವವನು ನಾನೇ.

ಮರುದಿನ ಮಾಮಾ ಪಾಟಾ ಅಂಗಡಿಗೆ ಕರೆದುಕೊಂಡು ಹೋದ. ಪಾಟಾ ಅಂದರೆ ಲೀಫ್ ಸ್ಪ್ರಿಂಗು, ಗಾಡಿಯ ಕೆಳಗೆ ಕಮಾನಿನ ಹಾಗೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಅಂಗಡಿಯ ಚಾಚಾ ಗಾಡಿಯನ್ನು ಹಿಂದಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ ನೋಡಿದರು. ಒಳಗೆ ಇಣುಕಿ ಸಿಂಕು ನೋಡಿ ನಕ್ಕರು.

"ಏನ್ ತಮ್ಮಾ, ಮನೀನ ಹೊತ್ಕೊಂಡು ಬಂದೀಯಲ್ಲ?"

"ಹಿಂದ ಭಾಳ ತೂಗಾಡ್ತದ್ರಿ ಚಾಚಾ. ಒಂದ್ ಪಾಟಾ ಹೆಚ್ಚಿಗಿ ಹಾಕ್ರಿ."

"ಹಾಕ್ತೀನಿ, ರೊಕ್ಕ ನನಗೂ ಬೇಕು. ಆದ್ರ ಪಾಟಾ ಹಾಕಿದ್ರ ಗಾಡಿ ಕುಂಡಿ ಮ್ಯಾಲ ಏಳ್ತದ. ತೂಕ ಎಲ್ಲಿ ಹೋಗ್ತದ? ಮೊದ್ಲ ಕಾಟಾಕ್ ಹೋಗಿ ಚೀಟಿ ತಗೊಂಡ್ ಬಾ. ಮುಂದಿನ ಗಾಲಿ ಒಂದ್ಸಲ, ಹಿಂದಿನ ಗಾಲಿ ಒಂದ್ಸಲ, ಪೂರಾ ಗಾಡಿ ಒಂದ್ಸಲ."

ಚೀಟಿ ಬಂತು. ಒಟ್ಟು ತೂಕ ಗಾಡಿಯ ಪ್ಲೇಟಿನ ಮೇಲಿದ್ದ ಮಿತಿಗಿಂತ 90 ಕೆಜಿ ಕಡಿಮೆಯೇ ಇತ್ತು. ಆದರೆ ಹಿಂದಿನ ಅಚ್ಚಿನ ಮೇಲೆ ಮಿತಿಗಿಂತ 130 ಕೆಜಿ ಜಾಸ್ತಿ. ಗಾಡಿಯನ್ನು ಮನೆ ಮಾಡಿಕೊಟ್ಟ ಅಂಗಡಿಯವರು ತೂಕದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಹಲಗೆಯ ಬಣ್ಣದ ಬಗ್ಗೆ ನಾಲ್ಕು ಮೀಟಿಂಗ್ ಮಾಡಿದ ನಾನೂ ಕೇಳಿರಲಿಲ್ಲ.

ಇಲ್ಲಿ ನನಗೆ ನೆನಪಾದದ್ದು ನನ್ನ ಬಿಇ ಅಲ್ಲ, ನಮ್ಮ ಮುತ್ಯಾ. ಚಕ್ಕಡಿಗೆ ಜೋಳದ ಚೀಲ ಹೇರುವಾಗ ಮುತ್ಯಾ ನೊಗ ಎತ್ತಿ ಕೈಯಲ್ಲೇ ತೂಗಿ ನೋಡುತ್ತಿದ್ದ. ಮುಂಭಾರ ಆದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರ ಆದರೆ ನೊಗ ಮೇಲೇಳುತ್ತದೆ, ಕೊರಳಪಟ್ಟಿ ಎತ್ತಿನ ಗಂಟಲು ಹಿಡಿಯುತ್ತದೆ, ಎತ್ತಿಗೆ ನೆಲ ಸಿಗುವುದಿಲ್ಲ. ಒಂದು ಚೀಲ ಹಿಂದಕ್ಕೆ ಸರಿಸು, ಇಲ್ಲ ಮುಂದಕ್ಕೆ ಸರಿಸು, ಮತ್ತೆ ಎತ್ತಿ ನೋಡು. ಸಣ್ಣವನಿದ್ದಾಗ ನಾನೇ ಆ ಚೀಲ ಸರಿಸಿದ್ದೇನೆ. ನನ್ನ ಗಾಡಿ ಪೂರ್ತಿ ಹಿಂಭಾರದ ಚಕ್ಕಡಿಯಾಗಿತ್ತು.

ಲೆಕ್ಕ ಸುಲಭ. ನೀರಿನ ಟ್ಯಾಂಕು 150 ಲೀಟರ್, ಅಂದರೆ ತುಂಬಿದಾಗ 150 ಕೆಜಿ. ಅದನ್ನು ಇಟ್ಟಿದ್ದು ಹಿಂದಿನ ಅಚ್ಚಿಗಿಂತ 1.2 ಮೀಟರ್ ಹಿಂದೆ, ಡಿಕ್ಕಿಯ ತುದಿಗೆ. ಎರಡು ಅಚ್ಚುಗಳ ನಡುವಿನ ಅಂತರ 3.35 ಮೀಟರ್. 150 ಇಂಟು 1.2, ಭಾಗಿಸು 3.35, ಸುಮಾರು 54. ಅಂದರೆ ಹಿಂದಿನ ಅಚ್ಚಿನ ಮೇಲೆ ಬಿದ್ದದ್ದು 150 ಅಲ್ಲ, 204 ಕೆಜಿ. ಹೆಚ್ಚಿನ 54 ಕೆಜಿ ಬಂದದ್ದು ಮುಂದಿನ ಗಾಲಿಗಳಿಂದ ಕಿತ್ತುಕೊಂಡು. ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಯಾಕೆ ಕೇಳಲಿಲ್ಲ ಅನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. ಜೊತೆಗೆ ಟ್ಯಾಂಕು ಅರ್ಧ ಮಾತ್ರ ತುಂಬಿತ್ತು, ಒಳಗೆ ಅಡ್ಡಗೋಡೆ ಇಲ್ಲ. ಅರ್ಧ ಟ್ಯಾಂಕು ಅಂದರೆ ತೂಕ ಅರ್ಧ, ನಿಜ. ಆದರೆ ಆ ನೀರು ಗಾಡಿ ವಾಲಿದ ಕಡೆಗೇ ಓಡುತ್ತದೆ.

ಪಕ್ಕದ ವೆಲ್ಡಿಂಗ್ ಅಂಗಡಿಯವನ ಕೈಲಿ ಟ್ಯಾಂಕನ್ನು ಹಿಂದಿನ ಅಚ್ಚಿಗಿಂತ 0.8 ಮೀಟರ್ ಮುಂದಕ್ಕೆ, ಬೆಂಚಿನ ಕೆಳಗೆ, ನೆಲಕ್ಕೆ ಬಿಗಿಸಿ ಕೂರಿಸಿದೆ. ಈಗ ಅದೇ ಟ್ಯಾಂಕು ಮುಂದಿನ ಅಚ್ಚಿಗೆ 36 ಕೆಜಿ ಕೊಡುತ್ತದೆ. ಕಳೆದುಕೊಂಡ 54, ಪಡೆದ 36, ಒಟ್ಟು 90 ಕೆಜಿ ವ್ಯತ್ಯಾಸ, ಒಂದು ನಯಾಪೈಸೆಯ ಹೊಸ ಸ್ಪ್ರಿಂಗ್ ಇಲ್ಲದೆ. ಹಿಂದೆ ಹೇರಿದ್ದ ಜನರೇಟರನ್ನು ಮಾಮಾನ ಮನೆಯಲ್ಲೇ ಬಿಟ್ಟೆ, ಬ್ಯಾಟರಿಯನ್ನೂ ಮುಂದಕ್ಕೆ ತಂದೆ. ಮತ್ತೆ ಕಾಟಾ ಹತ್ತಿಸಿದರೆ ಎರಡೂ ಅಚ್ಚು ಮಿತಿಯೊಳಗೆ.

ಉಳಿದದ್ದು ಗಾಡಿಯ ಕೆಳಗೆ. ಚಾಚಾ ನನ್ನನ್ನೂ ಮಲಗಿಸಿ ಟಾರ್ಚ್ ಹಿಡಿಸಿದರು. ಗಾಡಿ ವಾಲದಂತೆ ಎಡಬಲ ಗಾಲಿಗಳನ್ನು ಕಟ್ಟಿಹಾಕುವ ಒಂದು ಉಕ್ಕಿನ ಸರಳು ಇರುತ್ತದೆ, ಆಂಟಿ ರೋಲ್ ಬಾರ್ ಅಂತ. ಅದರ ರಬ್ಬರ್ ಬುಶ್‌ಗಳು ಸವೆದು ಬೆರಳು ತೂರುವಷ್ಟು ಸಡಿಲ. ಅಂದರೆ ಗಾಡಿ ಅಷ್ಟು ವಾಲಿದ ಮೇಲೆ ಸರಳು ಕೆಲಸ ಶುರು ಮಾಡುತ್ತಿತ್ತು. ಪಾಟಾದ ತುದಿಯ ಶಾಕಲ್‌ಗಳಿಗೆ ಗ್ರೀಸ್ ಕಂಡು ವರ್ಷಗಳಾಗಿರಬೇಕು, ಹಿಡಿದುಕೊಂಡು ನಿಂತಿದ್ದವು, ಹಾಗಾಗಿ ಪಾಟಾ ಪೂರ್ತಿ ಬಾಗುತ್ತಲೇ ಇರಲಿಲ್ಲ. ಪಾಟಾವನ್ನು ಅಚ್ಚಿಗೆ ಕಟ್ಟುವ ಯೂ ಬೋಲ್ಟ್ ಎರಡು ಸಡಿಲ. ಇನ್ನು ಹವಾ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಬಾಗಿಲ ಹತ್ತಿರ ಚೀಟಿ ಅಂಟಿಸಿದ್ದಾರೆ. ಬೆಂಗಳೂರಿನ ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಅಂತ ನಾನೇ ಹೊಡೆಸಿದ್ದೆ. ಭಾರ ಹೊತ್ತ ಹಿಂದಿನ ಟೈರಿನಲ್ಲಿ ಹವಾ ಕಡಿಮೆ ಇದ್ದರೆ ಟೈರಿನ ಪಕ್ಕೆಯೇ ಅತ್ತಿತ್ತ ಬಳುಕುತ್ತದೆ, ಅದರ ಮೇಲೆ ಎಂಥಾ ಕಿಟ್ ಹಾಕಿ ಏನು ಪ್ರಯೋಜನ? ಹವಾ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿದ್ದಾಗ. ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಮೀಟರ್ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಹವಾ ಬಿಟ್ಟರೆ ಕೆಟ್ಟಿರಿ.

ಕಾಟಾ 150, ಬುಶ್ 640, ಗ್ರೀಸು ಕೂಲಿ 500, ಟ್ಯಾಂಕ್ ಸರಿಸಿದ್ದು 1,100, ಆಮೇಲೆ ವಿಜಯಪುರದಲ್ಲಿ ವ್ಹೀಲ್ ಅಲೈನ್‌ಮೆಂಟ್ 700. ಒಟ್ಟು 3,090 ರೂಪಾಯಿ. ಇದರಲ್ಲಿ ಅರ್ಧ ಕೆಲಸ ನೀವೇ ಮಾಡಬಹುದಾದದ್ದು. ಒಂದು ಹವಾ ಮೀಟರು, ಒಂದು ಗ್ರೀಸ್ ಗನ್ನು, ಒಂದು ಟಾರ್ಚು ಇದ್ದರೆ ಸಾಕು, ಅಂಗಿ ಮಾತ್ರ ಹಳೇದಿರಲಿ.

ಇದನ್ನು ಗೆಳೆಯರ ಗುಂಪಿನಲ್ಲಿ ಹಾಕಿದರೆ ಒಬ್ಬ ಬರೆದ: "ಸೂಪರ್ ಜುಗಾಡ್ ಗುರು!" ನನಗೆ ಸಿಟ್ಟು ಬಂದದ್ದು ಇಲ್ಲೇ. ಅಮೆರಿಕದಲ್ಲಿ ಫೋರ್ಡ್ ಎಫ್53 ಚಾಸಿಯ ಮೋಟಾರ್‌ಹೋಮ್ ಇಟ್ಟುಕೊಂಡವರ ನಡುವೆ "ಚೀಪ್ ಹ್ಯಾಂಡ್ಲಿಂಗ್ ಫಿಕ್ಸ್" ಅಂತ ಒಂದು ಪ್ರಸಿದ್ಧ ಉಪಾಯ ಇದೆ. ಆ ಗಾಡಿಯ ಆಂಟಿ ರೋಲ್ ಬಾರಿನ ತುದಿಯಲ್ಲಿ ಕಂಪನಿಯೇ ಎರಡು ತೂತು ಕೊಟ್ಟಿರುತ್ತದೆ. ಲಿಂಕನ್ನು ಹೊರಗಿನ ತೂತಿನಿಂದ ಒಳಗಿನ ತೂತಿಗೆ ಬದಲಿಸಿದರೆ ಸನ್ನೆಕೋಲಿನ ಉದ್ದ ಕಡಿಮೆಯಾಗಿ ಸರಳು ಗಟ್ಟಿಯಾಗುತ್ತದೆ, ಗಾಡಿ ಕಡಿಮೆ ವಾಲುತ್ತದೆ. ಖರ್ಚು ಎರಡು ಸ್ಪ್ಯಾನರಿನ ಶ್ರಮ. ಅದನ್ನು ನಮ್ಮವರು ಹ್ಯಾಕ್ ಅನ್ನುತ್ತಾರೆ, ವಿಡಿಯೋ ನೋಡಿ ಲೈಕ್ ಒತ್ತುತ್ತಾರೆ. ಮುದ್ದೇಬಿಹಾಳದ ಚಾಚಾ ಮೊದಲು ತೂಕ ಮಾಡಿ, ಕಾರಣ ಹುಡುಕಿ, ಕಂಪನಿಯ ಅಳತೆಯ ಬುಶ್ಶನ್ನೇ ಹಾಕಿ, ಕಂಪನಿ ಹೇಳಿದ ಹವಾ ಹೊಡೆಸಿದರೆ ಅದು ಜುಗಾಡ್! ಸ್ವಾಮಿ, ಜುಗಾಡ್ ಅಂದರೆ ಬ್ರೇಕ್ ಇಲ್ಲದ ಟ್ರೇಲರಿಗೆ ಟ್ರ್ಯಾಕ್ಟರ್ ಕಟ್ಟುವುದು. ಅದು ನಮ್ಮಲ್ಲಿ ಇಲ್ಲ ಅಂತಲ್ಲ. ಹೆಚ್ಚಿಗೆ ಪಾಟಾ ಹಾಕಿಸಿಕೊಂಡು ಮಿತಿ ಮೀರಿ ಕಬ್ಬು ಹೇರುವವರು ಇದ್ದಾರೆ, ರಾತ್ರಿ ಹಿಂದೆ ಒಂದು ಕೆಂಪು ದೀಪ ಇಲ್ಲದೆ ಹೋಗುವವರೂ ಇದ್ದಾರೆ. ನನ್ನೂರಿನವರು ಅಂತ ಅವರನ್ನು ಹೊಗಳಲಾರೆ. ಅವರೂ ನಾನೂ ಮಾಡಿದ ತಪ್ಪು ಒಂದೇ ಜಾತಿಯದು.

ಆ ಅಮೆರಿಕದ ವಿಡಿಯೋ ನೋಡಿದ ಇನ್ನೊಬ್ಬ ಗೆಳೆಯ ನಮ್ಮ ಗಾಡಿಗಳ ಸರಳಿಗೂ ಎರಡನೇ ತೂತು ಕೊರೆಯೋಣ ಅಂದ. ಕೊರೆಯಬೇಡಿ. ಅದು ಸ್ಪ್ರಿಂಗ್ ಉಕ್ಕು. ಕೊರೆದ ತೂತಿನ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ, ಮುರಿಯುವುದು ತಿರುವಿನಲ್ಲಿ. ಪಾಟಾ ಹೆಚ್ಚಿಸುವುದು, ಗಾಡಿ ಎತ್ತರಿಸುವುದು ಕೂಡ ಅಗ್ಗವೇ, ಆದರೆ ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒತ್ತಿ ಹೇಳಿದೆ. ಕ್ಯಾರವಾನ್‌ಗಳಿಗೆ ಎಐಎಸ್ 124 ಅಂತ ಬೇರೆ ಮಾನದಂಡವೇ ಇದೆ. ನಾನು ಹೇಳುತ್ತಿರುವುದು ಗಾಡಿಯನ್ನು ಬದಲಿಸುವ ಮಾತಲ್ಲ, ಕಂಪನಿ ಕೊಟ್ಟಿದ್ದನ್ನು ಅದರ ಕೆಲಸ ಮಾಡಲು ಬಿಡುವ ಮಾತು.

"ರಸ್ತೆ ಸರಿಮಾಡಿದರೆ ಇದೆಲ್ಲ ಯಾಕೆ ಬೇಕು?" ಅನ್ನುವವರಿಗೆ: ಸರಿಮಾಡಲಿ, ಬೇಕಾದರೆ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ. ಆದರೆ ಎರೆ ಭೂಮಿ ಶುಕ್ರವಾರ ಸಂಜೆಯೊಳಗೆ ಕೆಂಪು ಮಣ್ಣಾಗುವುದಿಲ್ಲ, ಮತ್ತು ನೀವು ಶುಕ್ರವಾರ ಸಂಜೆಯೇ ಹೊರಡುವವರು. ಕಿಟ್ ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ. ತೂಕ, ಹವಾ, ಬುಶ್ಶು, ಗ್ರೀಸು, ಅಲೈನ್‌ಮೆಂಟು ಎಲ್ಲ ನೋಡಿದ ಮೇಲೂ ಗಾಡಿ ತೂಗಾಡಿದರೆ, ಒಪ್ಪಿಗೆ ಇರುವ ಕಿಟ್ ಹಾಕಿಸಿ.

ವಾಪಸು ಬರುವಾಗ ಬಸವನ ಬಾಗೇವಾಡಿಯಲ್ಲಿ ಕೈ ಕಟ್ಟಿಕೊಂಡೇ ಅವ್ವ ಗುಡಿಗೆ ಹೋಗಿ ಬಂದಳು. ಅವಳನ್ನು ಊರಿಗೆ ಬಿಟ್ಟು ನಾನು ಬೆಂಗಳೂರಿಗೆ ಹೊರಟೆ. ಕೊರ್ತಿ ಕೊಲ್ಹಾರ ಸೇತುವೆ ಸುಮಾರು ಮೂರು ಕಿಲೋಮೀಟರ್ ಉದ್ದ, ಎರಡೂ ಕಡೆ ಆಲಮಟ್ಟಿಯ ಹಿನ್ನೀರು, ಅಡ್ಡಗಾಳಿಗೆ ತಡೆಯೇ ಇಲ್ಲ. ಬರುವಾಗ ಅದೇ ಸೇತುವೆಯ ಮೇಲೆ ಸ್ಟೇರಿಂಗ್ ಹಿಡಿದು ಹಿಡಿದು ಭುಜ ನೋವು ಬಂದಿತ್ತು, ಗಾಳಿಯದೇ ತಪ್ಪು ಅಂದುಕೊಂಡಿದ್ದೆ. ಈ ಸಲವೂ ಗಾಳಿ ಇತ್ತು. ಗಾಡಿ ಒಮ್ಮೆ ವಾಲಿತು, ತಾನೇ ನಿಂತುಕೊಂಡಿತು. ಬೆಂಗಳೂರಿಗೆ ಬಂದವನೇ ಸಜ್ಜಾದ ಮೇಲಿಟ್ಟಿದ್ದ ಹಳೇ ಸೀಟುಗಳಲ್ಲಿ ಎರಡನ್ನು ಇಳಿಸಿ, ಬೆಲ್ಟ್ ಸಮೇತ ಮೂಲ ಜಾಗಕ್ಕೇ ಬೋಲ್ಟ್ ಹಾಕಿಸಿದೆ. ಹಾಸಿಗೆ ಅರ್ಧ ಹೋಯಿತು. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ತೂತು ಕೊರೆಯೋಣ ಅಂದ ಗೆಳೆಯ ಕೊರೆಯುವುದನ್ನು ಬಿಟ್ಟು ಏರ್ ಕಿಟ್ ಹಾಕಿಸಿದ್ದಾನೆ. ಅವನ ಗಾಡಿ ಇನ್ನೂ ಕಾಟಾ ಹತ್ತಿಲ್ಲ. ನೆಲಮಂಗಲದಲ್ಲಿ ತೂಗಿಸೋಣ, ದುಡ್ಡು ನಾನೇ ಕೊಡ್ತೀನಿ ಅಂದಿದ್ದೇನೆ. ಭಾನುವಾರ ನೋಡೋಣ ಅಂತಾನೆ, ಮೂರು ಭಾನುವಾರ ಆಯ್ತು.